ಎಸ್ಸೆನ್‌ನ ಕಲ್ಲಿದ್ದಲು ಗಣಿಯಲ್ಲಿ

ಜರ್ಮನಿಯ ಎಸ್ಸೆನ್‌ ರೈಲು ನಿಲ್ದಾಣದಿಂದ 107ನೇ ನಂಬರಿನ ಟ್ರಾಮ್ ಹತ್ತಿದರೆ ತ್ಸೋಲ್‌ಫೆರೈನ್ ಗಣಿಯ ಎದುರಿಗೇ ಇಳಿಯಬಹುದು. ಮೊದಲು ಕಣ್ಣಿಗೆ ಬೀಳುವುದು 55 ಮೀಟರ್ ಎತ್ತರದ ಉಕ್ಕಿನ ಗೋಪುರ. ಅದರ ತಲೆಯ ಮೇಲೆ ದೊಡ್ಡ ದೊಡ್ಡ ಚಕ್ರಗಳು. ಅವುಗಳ ಮೇಲೆ ಓಡುತ್ತಿದ್ದ ಹಗ್ಗವೇ ಪಾತಾಳದಿಂದ ಕಲ್ಲಿದ್ದಲನ್ನು ಎಳೆದು ತರುತ್ತಿತ್ತು.

ಗಣಿ ಹಳೆಯದು, 1847ರದ್ದು. ಆದರೆ ಜನ ನೋಡಲು ಬರುವುದು 1932ರಲ್ಲಿ ಶುರುವಾದ 12ನೇ ಬಾವಿಯನ್ನು. ಫ್ರಿಟ್ಸ್ ಶುಪ್ ಮತ್ತು ಮಾರ್ಟಿನ್ ಕ್ರೆಮ್ಮರ್ ಎಂಬ ವಾಸ್ತುಶಿಲ್ಪಿಗಳು ಉಕ್ಕಿನ ಚೌಕಟ್ಟು, ಕೆಂಪು ಇಟ್ಟಿಗೆಯ ಈ ಕಟ್ಟಡಗಳನ್ನು ಅಳತೆ ಹಿಡಿದು ಜೋಡಿಸಿದ್ದಾರೆ. ಒಂದು ಗೆರೆಯೂ ಸುಮ್ನೆ ಇಲ್ಲ. ದಿನಕ್ಕೆ 12,000 ಟನ್ ಕಲ್ಲಿದ್ದಲು ಮೇಲೆ ಬರುತ್ತಿದ್ದ ಜಾಗ ಇಷ್ಟು ಚಂದ ಇರಬಹುದು ಅಂತ ನಾನು ಅಂದುಕೊಂಡಿರಲಿಲ್ಲ.

ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡವೇ ಈಗ ರೂರ್ ಮ್ಯೂಸಿಯಂ (ರೂರ್ ಅಂದರೆ ಎಸ್ಸೆನ್ ಸುತ್ತಲಿನ ಗಣಿ, ಕಾರ್ಖಾನೆಗಳ ಸೀಮೆ). ಹೊರಗಿನಿಂದ ಉದ್ದನೆಯ ಎಸ್ಕಲೇಟರ್ ನೇರ ಮೇಲಿನ ಮಹಡಿಗೆ ಒಯ್ಯುತ್ತದೆ. ಅಲ್ಲಿಂದ ಒಂದೊಂದೇ ಅಂತಸ್ತು ಇಳಿಯುತ್ತಾ ಬರಬೇಕು. ಆಗ ಕಲ್ಲಿದ್ದಲೂ ಹೀಗೇ ಮೇಲೆ ಹೋಗಿ ಕೆಳಗೆ ಇಳಿಯುತ್ತಿತ್ತು. ತೊಳೆಯುವ ಉಪಾಯ ಸರಳ: ನೀರಿನಲ್ಲಿ ಕುಲುಕಿದರೆ ಭಾರದ ಕಲ್ಲು ತಳ ಸೇರುತ್ತದೆ, ಹಗುರವಾದ ಕಲ್ಲಿದ್ದಲು ಮೇಲೆ ನಿಲ್ಲುತ್ತದೆ. ಆ ಯಂತ್ರಗಳು ಇದ್ದಲ್ಲೇ ಇವೆ. ಇಳಿಯುವ ಮೆಟ್ಟಿಲಿನ ಅಂಚಿಗೆಲ್ಲ ಕಿತ್ತಳೆ ಬಣ್ಣದ ದೀಪ, ಕಾದ ಉಕ್ಕು ಹರಿದ ಹಾಗೆ.

1986ರ ಡಿಸೆಂಬರ್ 23ರಂದು ಇಲ್ಲಿ ಕೆಲಸ ನಿಂತಿತು. ಗುಜರಿಗೆ ಹಾಕದೆ ರಾಜ್ಯ ಸರ್ಕಾರ ಜಾಗವನ್ನು ಕೊಂಡುಕೊಂಡಿತು. 2001ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿದ್ದೂ ಅದೇ ವರ್ಷ ಅಲ್ವಾ! ಕೆಜಿಎಫ್‌ನ ಬಾವಿಗಳಿಗೂ ಇಂಥ ಮರ್ಯಾದೆ ಸಿಗಬೇಕಿತ್ತು. ಅರಮನೆಗೆ ಕೊಡುವ ಬೆಲೆಯನ್ನು ದುಡಿದವರ ಜಾಗಕ್ಕೂ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಊರಲ್ಲಿ ಉಕ್ಕಿನ ದೊರೆ ಕ್ರುಪ್ ಕುಟುಂಬದ 269 ಕೋಣೆಗಳ ಹ್ಯೂಗೆಲ್ ಬಂಗಲೆಯೂ ಇದೆ. ನೋಡಬಹುದು, ಆದರೆ ಸಮಯ ಕಮ್ಮಿ ಇದ್ದರೆ ಗಣಿಗೇ ಕೊಡಿ. ಗಣಿಯ ಪಕ್ಕದಲ್ಲಿ ಕಲ್ಲಿದ್ದಲನ್ನು ಕಾಯಿಸಿ ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಎಂಬ ಇಂಧನ ಮಾಡುತ್ತಿದ್ದ ಘಟಕ 1993ರವರೆಗೂ ಉರಿದಿತ್ತು. ಸಾಲು ಕುಲುಮೆಗಳ ಪಕ್ಕ ಚಳಿಗಾಲದಲ್ಲಿ ಮಕ್ಕಳು ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುತ್ತಾರೆ.

ಇಷ್ಟು ಅಗೆದಿದ್ದಕ್ಕೆ ರೂರ್ ಪ್ರದೇಶದ ನೆಲ ಕೆಲವು ಕಡೆ 20 ಮೀಟರ್‌ಗೂ ಜಾಸ್ತಿ ಕುಸಿದಿದೆ. ನೀರು ನಿಲ್ಲದಂತೆ ಪಂಪುಗಳು ಇವತ್ತಿಗೂ ಓಡುತ್ತಲೇ ಇವೆ, ಮುಂದೆಯೂ ಓಡುತ್ತಲೇ ಇರಬೇಕು.