ಅಜ್ಜಿಯ ವರ್ಷಗಳ ಪಟ್ಟಿ: ಇಲ್ಲಿವರೆಗೆ ಆದ ಕೆಲಸ

ಅಜ್ಜಿಯ ಬದುಕನ್ನು ವರ್ಷವಾರು ಬರೆದಿಡೋಣ ಅಂತ ಶುರು ಮಾಡಿದ ಕೆಲಸ ಇದು. ಮುಗಿದ ಮೇಲೆ ಸಣ್ಣ ಪುಸ್ತಕ ಮಾಡಿ ಮೊಮ್ಮಕ್ಕಳು, ಮರಿಮಕ್ಕಳಿಗೆಲ್ಲ ಒಂದೊಂದು ಕೊಡಬೇಕು. ಅಜ್ಜಿ ಹುಟ್ಟಿದ್ದು ನಾಗಮಂಗಲದ ಕಡೆ, ಮಳೆ ನಂಬಿದ ರಾಗಿ ಸೀಮೆ. ಮದುವೆಯಾಗಿ ಬಂದಿದ್ದು ಪಾಂಡವಪುರದ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹರಿಯುವ ಊರಿಗೆ. ಪಾಂಡವಪುರ ಅವಳ ಬಾಯಲ್ಲಿ ಇವತ್ತಿಗೂ ಹಿರೋಡೆ.

ನವೆಂಬರ್

ಮೊದಲು ವಯಸ್ಸು ಗೊತ್ತಾಗಬೇಕಿತ್ತು. ಆಧಾರ್‌ನಲ್ಲಿ 01-01-1940 ಅಂತಿದೆ. ನಮ್ಮೂರಲ್ಲಿ ಜನವರಿ ಒಂದಕ್ಕೆ ಹುಟ್ಟಿದ ಹಿರಿಯರು ಎಷ್ಟಿದ್ದಾರೆ ಅಂದರೆ, ಅವತ್ತು ಊರಹಬ್ಬವನ್ನೇ ಮಾಡಬಹುದು. ಕಾರ್ಡ್ ಪಕ್ಕಕ್ಕಿಟ್ಟು ಅಜ್ಜಿಯನ್ನೇ ಕೇಳಿದೆ.

"ದೊಡ್ಡ ದೊರೆ ತೀರ್ಕಂಡಾಗ ನಾನು ಎಮ್ಮೆ ಕಾಯ್ತಿದ್ದೆ ಕಣೋ. ಮುಂದ್ಲ ಹಲ್ಲು ಬಿದ್ದಿದ್ವು."

ದೊಡ್ಡ ದೊರೆ ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ್. ಅವರು ತೀರಿಕೊಂಡಿದ್ದು 1940ರ ಆಗಸ್ಟ್ 3. ಆಗ ಹಲ್ಲು ಬಿದ್ದಿದ್ದವು ಅಂದರೆ ಏಳೆಂಟು ವರ್ಷ. ಇನ್ನೊಂದು ಸುಳಿವೂ ಸಿಕ್ಕಿತು. ಆಂಗೀರಸ ಸಂವತ್ಸರ, ಗೌರಿ ಹಬ್ಬದ ಹಿಂದಿನ ವಾರ ಹೆರಿಗೆಯಾಯಿತು ಅಂತ ಅವಳ ಅವ್ವ ಹೇಳುತ್ತಿದ್ದಳಂತೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆಂಗೀರಸ ಬಂದಿದ್ದು 1932ರಲ್ಲಿ, ಮತ್ತೆ 1992ರಲ್ಲಿ. 1992ರಲ್ಲಿ ಅವಳು ನನಗೆ ತುತ್ತು ತಿನ್ನಿಸುತ್ತಿದ್ದಳು, ಹಾಗಾಗಿ ಗೊಂದಲವೇ ಇಲ್ಲ. 1932ರ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಶುರು ಅಂತ ಬರೆದುಕೊಂಡೆ. ಸರ್ಕಾರದ ಲೆಕ್ಕಕ್ಕಿಂತ ಏಳು ವರ್ಷ ಜಾಸ್ತಿ. ಹೇಳಿದರೆ, "ಈಗ ತಕೊಂಡು ಏನ್ ಮಾಡ್ಲಿ ಬುಡು" ಅಂದಳು.

ಡಿಸೆಂಬರ್, ಅವರೆಕಾಯಿ ಬಂತು

ಮುಂದೆ ಮೊಬೈಲ್ ಇಟ್ಟು "ಹೇಳಜ್ಜಿ" ಅಂದರೆ ಅಜ್ಜಿ ಸೆಟೆದು ಕೂರುತ್ತಾಳೆ. ಸಾಕ್ಷಿ ಹೇಳುವವರ ಥರ ಒಂದೊಂದೇ ಮಾತು ಬರುತ್ತದೆ. ಕೈಗೆ ಕೆಲಸ ಸಿಕ್ಕರೆ ಮಾತ್ರ ಬಾಯಿ ಸಡಿಲ. ಅದಕ್ಕೆ ಅವರೆ ಹಿದುಕುವಾಗ ರೆಕಾರ್ಡ್ ಮಾಡತೊಡಗಿದೆ. ರಾತ್ರಿ ನೆನೆಹಾಕಿದ ಕಾಳು, ಬೆಳಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಒತ್ತು. ಬೇಳೆ ಚಿಮ್ಮಿ ಬಟ್ಟಲಿಗೆ, ಸಿಪ್ಪೆ ಮಡಿಲಿಗೆ. ನೋಡುವುದೇ ಇಲ್ಲ, ಕೈ ತಾನಾಗಿ ಓಡುತ್ತದೆ. ರೆಕಾರ್ಡಿಂಗ್ ತುಂಬಾ ಟಪ್ ಟಪ್ ಸದ್ದು. ಸಾಫ್ಟ್‌ವೇರ್ ಹಾಕಿ ತೆಗೆಯಬಹುದಿತ್ತು. ಇರಲಿ ಅಂತ ಬಿಟ್ಟಿದ್ದೇನೆ.

ಹೀಗೆ ಸಿಕ್ಕಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಹಗೇವಿನ ಕಥೆ. ತವರಿನ ಹಟ್ಟಿ ಮುಂದೆ ನೆಲದೊಳಗೆ ರಾಗಿ ತುಂಬುವ ಗುಂಡಿ ಇತ್ತು. ಬಾಯಿ ಕಿರಿದು, ಒಳಗೆ ಅಗಲ. ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಬಡಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿಲ್ಲ. ಒಳಗಿನ ಗಾಳಿ ಜೀವ ತೆಗೆಯುತ್ತದೆ. ಮೊದಲು ದೀಪ ಇಳಿಬಿಟ್ಟು ನೋಡುವುದು, ಆರಿದರೆ ಇನ್ನೂ ಕಾಯುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೆವಿ ಅಂತ ಸರ್ಕಾರದವರು ಧಾನ್ಯ ಅಳೆಸಿಕೊಂಡು ಹೋಗಲು ಬರುತ್ತಿದ್ದರು. ಆಗ ಹಗೇವಿನ ಮೇಲೆ ತಿಪ್ಪೆ ಹಾಕಿ, ತಿಪ್ಪೆ ಮೇಲೆ ಅಜ್ಜಿಯನ್ನು ಆಡಲು ಬಿಡುತ್ತಿದ್ದರಂತೆ. "ಸಾಹೇಬ್ರು ನನ್ನ ಮೂಗು ನೋಡಿ ಅಂಗೇ ಹೋದ್ರು" ಅಂತ ಈಗಲೂ ನಗುತ್ತಾಳೆ.

ಮದುವೆಯ ವರ್ಷ ಸುಲಭವಾಗಿ ಸಿಕ್ಕಿತು. ಗಾಂಧಿ ಸತ್ತ ಮರುವರ್ಷದ ಬೇಸಿಗೆ. 1949.

ಸಂಕ್ರಾಂತಿ ಕಳೆದ ಮೇಲೆ

ಕಾಗದಪತ್ರ ಹುಡುಕುವ ಕೆಲಸ. ಬೇಜಾರಾಗಿದ್ದು ಇಲ್ಲೇ. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಮೊದಲು ತಾತ, ಆಮೇಲೆ ಅಪ್ಪ, ಚಿಕ್ಕಪ್ಪಂದಿರು. 1974ರ ಭೂಸುಧಾರಣೆ ಬಂದಾಗ ಗೇಣಿ ಜಮೀನಿಗೆ ಹಾಕಿದ 7ನೇ ನಂಬರ್ ಅರ್ಜಿಯ ನಕಲು ಟ್ರಂಕಿನಲ್ಲಿತ್ತು. ಅದರಲ್ಲೂ ತಾತನ ಸಹಿ. ಆ ಗದ್ದೆಯಲ್ಲಿ ನಾಟಿ ಹಾಕಿದವಳು, ಕಳೆ ಕಿತ್ತವಳು ಯಾರು ಅಂತ ಬರೆಯುವ ಕಾಲಂ ಯಾವ ಫಾರಂನಲ್ಲೂ ಇಲ್ಲ ಬಿಡಿ.

ಹಾಗಾಗಿ ಆ ವರ್ಷಗಳನ್ನು ಬೆಳೆ ಹಿಡಿದೇ ಜೋಡಿಸಬೇಕಾಯಿತು. ಹಗ್ಗ ಹಿಡಿದು ಸಾಲಾಗಿ ನೆಡುವ ಜಪಾನ್ ನಾಟಿ ಕಲಿತಾಗ ದೊಡ್ಡಪ್ಪ ಕೈಕೂಸು, ಅಂದರೆ 1950ರ ದಶಕ. ಹಳೇ ತಳಿ ರತ್ನಚೂಡಿ ಹೋಗಿ ಐಆರ್ ಎಂಟು, ಜಯ ಅನ್ನೋ ಹೊಸ ಭತ್ತ ಬಂದಾಗ ಕೊನೆಯ ಚಿಕ್ಕಪ್ಪ ಹೊಟ್ಟೆಯಲ್ಲಿ. ಜಯ ಬಿಡುಗಡೆಯಾಗಿದ್ದು 1968ರಲ್ಲಿ, ಚಿಕ್ಕಪ್ಪ ಹುಟ್ಟಿದ್ದು ಅದರ ಮರುವರ್ಷ, ಸರಿಹೋಯಿತು. ಹೊಲಕ್ಕೆ ಇಂಡಾಫ್ ರಾಗಿ ಬಂದಿದ್ದು ಅದಾದ ಮೇಲೆ. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ತಳಿ ಕೂಡಿಸಿ ಅದನ್ನು ಮಾಡಿದ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ. ಅಜ್ಜಿಗೆ ಅವರ ಹೆಸರು ಗೊತ್ತಿಲ್ಲ. "ತೆನೆ ದಪ್ಪ, ಇಳುವರಿ ಜಾಸ್ತಿ" ಅಂತ ತೀರ್ಪು ಮಾತ್ರ ಗೊತ್ತು.

ಫೆಬ್ರವರಿ

ಕೊನೆಗೂ ಅಜ್ಜಿ ಹೆಸರಿನ ಕಾಗದ ಸಿಕ್ಕಿತು! ಹಾಲಿನ ಡೇರಿಯ ಪುಸ್ತಕಗಳು. ಅಕ್ಕಿ ಡಬ್ಬದ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದಳು. ಮೇಲೆ ಸದಸ್ಯರ ಹೆಸರು ಅಂತ ಅವಳದೇ ಹೆಸರು. ಒಳಗೆ ತಾರೀಖು, ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಹಿಂಡಿ ಬೂಸಾಕ್ಕೆ ಎಷ್ಟು ಮುರಿದುಕೊಂಡರು.

ಒಂದು ಪುಟ ಎದುರಿಗಿದೆ. ಬೆಳಗ್ಗೆ 3.5, ಸಂಜೆ 2. ಮಾರನೇ ದಿನವೂ ಹಾಗೇ. ಆಮೇಲೆ ಸಂಜೆಯ ಕಾಲಂ ಇದ್ದಕ್ಕಿದ್ದ ಹಾಗೆ ಖಾಲಿ, ಹತ್ತಿರ ಹತ್ತಿರ ಒಂದು ತಿಂಗಳು. ಕರು ಸತ್ತಿತ್ತಾ, ಹಸು ಕಾಯಿಲೆ ಬಿದ್ದಿತ್ತಾ ಅಂತ ಕೇಳಿದೆ. ತಾರೀಖು ಓದಿಸಿಕೊಂಡು ಸ್ವಲ್ಪ ಯೋಚಿಸಿದಳು. "ನಿಂಗೆ ಕಾಮಾಲೆ ಆಗಿತ್ತಲ್ಲ" ಅಂದಳು. ಸಂಜೆ ಹಾಲು ಡೇರಿಗೆ ಹಾಕದೆ, ಮಜ್ಜಿಗೆ ಮಾಡಿ ನನಗೆ ಕುಡಿಸಿದ್ದಳಂತೆ. ನನಗೆ ನೆನಪೇ ಇಲ್ಲ. ಬಟವಾಡೆ ಕಡಿಮೆಯಾಗಿದ್ದಕ್ಕೆ ಆ ತಿಂಗಳು ಮನೆಯಲ್ಲಿ ಜಗಳವೂ ಆಗಿತ್ತು ಅಂತ ಅಮ್ಮ ಒಳಗಿನಿಂದಲೇ ಸೇರಿಸಿದರು.

ಇನ್ನೊಂದು ಪುಸ್ತಕದಲ್ಲಿ ಲೀಟರ್ ದಿಢೀರ್ ಅರ್ಧಕ್ಕೆ ಇಳಿದಿದೆ. ಅದು ದೊಡ್ಡಪ್ಪನ ಮಗಳ ಹಾಸ್ಟೆಲ್ ಫೀಸಿಗೆ ಎಮ್ಮೆ ಮಾರಿದ ವರ್ಷ. ಅಕ್ಕ ಈಗ ಮೇಷ್ಟ್ರು. ಆ ಪುಟದ ಫೋಟೊ ಕಳಿಸಿದೆ, ಅವಳಿಗೂ ಎಮ್ಮೆ ವಿಷಯ ಗೊತ್ತಿರಲಿಲ್ಲ. ಫೀಸು ತಾತ ಕಟ್ಟಿದ್ದು ಅಂತಲೇ ತಿಳಿದಿದ್ದಳು. ತಾತನ ಬಗ್ಗೆ ಬರೆದ ಪುಟ ಈಗ ಸ್ವಲ್ಪ ತಿದ್ದಬೇಕು, ಅಲ್ವಾ?

ಪುಸ್ತಕದ ರೂಪವನ್ನೇ ಇದರಿಂದ ಬದಲಾಯಿಸಿದೆ. ಎಡಗಡೆ ಡೇರಿ ಪುಟದ ಫೋಟೊ, ಬಲಗಡೆ ಅವಳು ಹೇಳಿದ್ದು, ಅವಳ ಮಾತಿನಲ್ಲೇ. "ಕುಂತ್ಕಂಡಿ", "ವಸಿ" ಎಲ್ಲ ಹಾಗೇ ಇರುತ್ತದೆ. ಪುಸ್ತಕದ ಭಾಷೆಗೆ ತಿದ್ದಿ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ನಾನು ಒಪ್ಪಿಲ್ಲ.

ಈಗ ಎಲ್ಲಿದೆ

ತವರಿನ ಭಾಗ ಬರೆದು ಮುಗಿದಿದೆ. 1970ರವರೆಗೂ ಕರಡು ಇದೆ. ಡೇರಿ ಪುಟಗಳ ಸ್ಕ್ಯಾನ್ ನಡೀತಿದೆ, ಇಂಕು ಹರಡಿದ ಕಡೆ ಮತ್ತೆ ತೆಗೆಯಬೇಕು.

ಬಾಕಿ ಉಳಿದ ದೊಡ್ಡ ಕೆಲಸ ರಾಗಿ ಬೀಸುವ ಪದ. ಸುಮ್ನೆ ಹಾಡು ಅಂದರೆ ಅಜ್ಜಿಗೆ ಎರಡನೇ ಸಾಲಿಗೇ ಮರೆತುಹೋಗುತ್ತದೆ. ಕೈ ತಿರುಗಿದರೆ ಪದ ಬರುತ್ತದಂತೆ. ಕಲ್ಲು ಹಿತ್ತಲಲ್ಲಿದೆ, ಹಲ್ಲು ಸವೆದಿದೆ, ಗೂಟ ಮುರಿದಿದೆ. ಕಲ್ಲು ಕುಟ್ಟುವವರು ನಮ್ಮ ಕಡೆ ಈಗ ಬರುವುದಿಲ್ಲ. ಮೇಲುಕೋಟೆ ರಸ್ತೆಯಲ್ಲಿ ಒಳಕಲ್ಲು ಮಾಡುವವರೊಬ್ಬರಿದ್ದಾರೆ ಅಂತ ಅಕ್ಕ ಹೇಳಿದ್ದಾಳೆ. ಈ ಭಾನುವಾರ ಕಲ್ಲನ್ನು ಆಟೋಗೆ ಹಾಕಿಕೊಂಡು ಹೋಗಿ ಕೇಳಬೇಕು. ಅಜ್ಜಿಯೂ ಬರುತ್ತಾಳಂತೆ, ರೇಟು ಅವಳೇ ಮಾತಾಡುತ್ತಾಳಂತೆ.