ಉಪ್ಪಾಗೆಯ ಹುಳಿಯನ್ನು ಹುಡುಕಿದ ದಿನ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದ ಮೊದಲ ಮಳೆಗಾಲದಲ್ಲಿ, ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಬಗ್ಗೆ ಈವರೆಗೆ ಯಾರು ಏನೇನು ಮಾಡಿದ್ದಾರೆಂದು ತಿಳಿದುಕೊಂಡು ಬರುವಂತೆ ನನ್ನ ಮಾರ್ಗದರ್ಶಕರು ಗ್ರಂಥಾಲಯಕ್ಕೆ ಕಳುಹಿಸಿದರು. ಅಲ್ಲಿನ ಹಿರಿಯ ಗ್ರಂಥಪಾಲಕರು ವಿಷಯ ಕೇಳಿಕೊಂಡು, "ಹೆಸರು ಹಾಕಿ ಹುಡುಕಬೇಡಿ ಮೇಡಂ, ಮೊದಲು ನಂಬರ್ ಹಿಡಿಯಿರಿ" ಎಂದರು.

ಅವರು ಹೇಳಿದ್ದು ಸಿಎಎಸ್ ನೋಂದಣಿ ಸಂಖ್ಯೆಯನ್ನು. ಅಮೆರಿಕದ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸರ್ವಿಸ್ 1965ರಿಂದ ಒಂದೊಂದು ರಾಸಾಯನಿಕಕ್ಕೂ ಪ್ರತ್ಯೇಕ ಸಂಖ್ಯೆ ಕೊಡುತ್ತ ಬಂದಿದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ರಾಸಾಯನಿಕಗಳ ಮಾಹಿತಿಕೋಶವಾದ ಪಬ್‌ಕೆಮ್‌ನಲ್ಲಿ ನಮ್ಮ ಆಮ್ಲದ ಪುಟ ತೆರೆದಾಗ, ಸಮಾನ ಹೆಸರುಗಳ ಉದ್ದನೆಯ ಪಟ್ಟಿಯ ನಡುವೆ 27750-10-3 ಸಿಕ್ಕಿತು. ಕೊನೆಯ ಅಂಕಿ ತಪಾಸಣೆಯದು. ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ ಕ್ರಮವಾಗಿ 1, 2, 3 ಎಂದು ಗುಣಿಸುತ್ತ ಹೋಗಿ ಕೂಡಿದರೆ 113 ಬರುತ್ತದೆ, ಅದರ ಕೊನೆಯ ಅಂಕಿ 3. ಬರೆದುಕೊಳ್ಳುವಾಗ ಅಂಕಿ ತಪ್ಪಿದರೆ ಅಲ್ಲಿಯೇ ಗೊತ್ತಾಗುವ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಈ ಆಮ್ಲಕ್ಕೆ ನಾಲ್ಕು ಸಮಾಂಗಿಗಳಿದ್ದು (ಅವೇ ಪರಮಾಣುಗಳು ಬೇರೆ ಬೇರೆ ವಿನ್ಯಾಸದಲ್ಲಿರುವ ರೂಪಗಳು), ಉಪ್ಪಾಗೆಯಲ್ಲಿರುವುದು ಅವುಗಳಲ್ಲಿ ಒಂದು ಮಾತ್ರ. ಬರೀ ಹೆಸರು ಕೊಟ್ಟರೆ ನಾಲ್ಕೂ ಕಲಸಿಕೊಂಡು ಬರುತ್ತವೆ.

ಗಿಡದ ಹೆಸರಿಗೆ ಸಂಖ್ಯೆಯ ನೆರವಿಲ್ಲ. ಹಳೆಯ ಲೇಖನಗಳಲ್ಲಿ ಗಾರ್ಸಿನಿಯ ಕ್ಯಾಂಬೋಜಿಯ ಎಂದಿರುವುದೇ ಈಚಿನವುಗಳಲ್ಲಿ ಗಾರ್ಸಿನಿಯ ಗಮ್ಮಿ-ಗುಟ್ಟ ಆಗಿದೆ, ಆದ್ದರಿಂದ ಎರಡನ್ನೂ 'ಅಥವಾ' ಎಂಬರ್ಥದ ಇಂಗ್ಲಿಷಿನ 'ಆರ್' ಎಂಬ ಪದದಿಂದ ಜೋಡಿಸಿ ಹುಡುಕಬೇಕಾಯಿತು. ಆಗ ಮೇಲೆ ಬಂದದ್ದು 1965ರಲ್ಲಿ ಫೈಟೋಕೆಮಿಸ್ಟ್ರಿ ಪತ್ರಿಕೆಯ ನಾಲ್ಕನೆಯ ಸಂಪುಟದಲ್ಲಿ ಲೂಯಿಸ್ ಮತ್ತು ನೀಲಕಂಠನ್ ಬರೆದ ಲೇಖನ. ಈ ಹಣ್ಣಿನ ಮುಖ್ಯ ಆಮ್ಲ ಯಾವುದೆಂದು ಗುರುತಿಸಿದ ಆ ಕೆಲಸ ನಡೆದದ್ದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಎಂದು ಓದಿ, ವಿದೇಶದ ಹೆಸರುಗಳನ್ನೇ ನಿರೀಕ್ಷಿಸಿದ್ದ ನನಗೆ ಸಂತೋಷವೇ ಆಯಿತು. 2025ರ ಜನವರಿ 1ರಂದು ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಿಗುವಂತಾಗಿರುವುದರಿಂದ, ಪೂರ್ಣ ಪಾಠಕ್ಕಾಗಿ ಯಾರಿಗೂ ಪತ್ರ ಬರೆಯಬೇಕಾಗಲಿಲ್ಲ.

ಲೇಖನದ ಕೊನೆಯ ಉಲ್ಲೇಖಗಳು ನಮ್ಮನ್ನು ಹಿಂದಕ್ಕೆ ಕರೆದೊಯ್ದರೆ, ಅದನ್ನು ಯಾರು ಉಲ್ಲೇಖಿಸಿದ್ದಾರೆ ಎಂಬ ಕೊಂಡಿ ಮುಂದಕ್ಕೆ ಕರೆದೊಯ್ಯುತ್ತದೆ. ಹಾಗೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತ, ಕೊಬ್ಬು ತಯಾರಿಸುವ ಹಾದಿಯ ಕಿಣ್ವವೊಂದನ್ನು ಈ ಆಮ್ಲ ತಡೆಯುತ್ತದೆಂದು ತೋರಿಸಿದ 1969ರ ಲೇಖನಕ್ಕೂ, 135 ಜನರ ಮೇಲೆ ಹನ್ನೆರಡು ವಾರ ನಡೆದು, ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲವೆಂದು ವರದಿ ಮಾಡಿದ 1998ರ ಪ್ರಯೋಗಕ್ಕೂ ತಲುಪಿದೆ. ತೂಕ ಇಳಿಸುವ ಗುಳಿಗೆಗಳ ಜಾಹೀರಾತಿನವರು ಮೊದಲನೆಯದನ್ನಷ್ಟೇ ಓದಿರಬೇಕು.

ಇದೇ ಗಿಡದ ಮೇಲೆ ಭಾರತದಲ್ಲಿ ಬಂದ ಪ್ರಬಂಧಗಳನ್ನು, ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ನೋಡಿಕೊಂಡು, ಸಂಜೆ ಪಟ್ಟಿಯನ್ನು ಮಾರ್ಗದರ್ಶಕರ ಮುಂದಿಟ್ಟೆ. ಅವರು ಓದಿ, "ನಮ್ಮ ಕಡೆ ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸುತ್ತಾರಲ್ಲ, ಆಗ ಆಮ್ಲದಲ್ಲಿ ಸ್ವಲ್ಪ ಲ್ಯಾಕ್ಟೋನ್ ಎಂಬ ಬೇರೆ ಸಂಯುಕ್ತ ಆಗುತ್ತದೆ. ಅದರ ನಂಬರ್ ಬೇರೆ, ಅದನ್ನೂ ಹುಡುಕಿ" ಎಂದರು.