ಕಾಗೆ ಬಂಗಾರದ ಮಾಷ್ಟ್ರು

ಕಳೆದ ಆಟಿ ತಿಂಗಳಲ್ಲಿ ನಮ್ಮ ಸಯನ್ಸ್ ಮಾಷ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ನಾನು ಬಳ್ಳಾರಿ ಕಡೆಯ ಗಣಿಯೊಂದರಲ್ಲಿದ್ದೆ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಮಾತ್ರ ಊರಿಗೆ ಬರಲಿಕ್ಕಾಯಿತು.

ಒಂಬತ್ತನೇ ಕ್ಲಾಸಿನಲ್ಲಿ ಅವರು ಏನೆಲ್ಲ ಪಾಠ ಮಾಡಿದರು ಅಂತ ಕೇಳಿದರೆ ನನಗೆ ನೆನಪಿಲ್ಲ. ಆದರೆ ಅವರ ಮೇಜಿನ ಮೇಲೆ ಇರುತ್ತಿದ್ದ 5 ಕಿಲೋದ ಕಬ್ಬಿಣದ ತೂಕದ ಕಲ್ಲು ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ದಿನ ಅದರ ಮೇಲೆ ಹರಳುಪ್ಪು ಇಟ್ಟು ಸುತ್ತಿಗೆಯಿಂದ ಮೆಲ್ಲ ಕುಟ್ಟಿದರು. ಚೂರುಗಳನ್ನು ಕರಿ ಕಾಗದಕ್ಕೆ ಸುರಿದು, ಭೂತಕನ್ನಡಿ ಕೈಗೆ ಕೊಟ್ಟರು. ಎಷ್ಟು ಸಣ್ಣ ಚೂರಾದರೂ ಅಂಚು ನೇರ, ಮೂಲೆ ಚೌಕ. ಆಮೇಲೆ ಅದೇ ಜಾಗದಲ್ಲಿ ತಾಮ್ರದ ತಂತಿ ಇಟ್ಟು ಕುಟ್ಟಿದರು. ಅದು ಚಪ್ಪಟೆಯಾಯಿತು, ತುಂಡಾಗಲಿಲ್ಲ.

“ಯಾಕೆ, ಹೇಳಿ ನೋಡುವ?”

ಯಾರೂ ಬಾಯಿ ಬಿಡಲಿಲ್ಲ. ಅವರೇ ಹೇಳಿದರು. ಉಪ್ಪಿನಲ್ಲಿ ಪ್ಲಸ್ ಸೋಡಿಯಂ, ಮೈನಸ್ ಕ್ಲೋರಿನ್, ಒಂದು ಬಿಟ್ಟು ಒಂದು ಕೂತಿರುತ್ತವೆ. ಪೆಟ್ಟಿಗೆ ಒಂದು ಸಾಲು ಒಂದೇ ಮನೆ ಜರುಗಿದರೂ ಸಾಕು, ಪ್ಲಸ್ಸಿನ ಎದುರು ಪ್ಲಸ್ ಬರುತ್ತದೆ. ಎರಡೂ ದೂಡಿಕೊಳ್ಳುತ್ತವೆ, ಹರಳು ಸೀಳುತ್ತದೆ. ತಾಮ್ರದಲ್ಲಿ ಇಲೆಕ್ಟ್ರಾನುಗಳು ಇಡೀ ತುಂಡಿನ ಸೊತ್ತು. ಸಾಲು ಜರುಗಿದರೂ ಹಿಡಿತ ತಪ್ಪುವುದಿಲ್ಲ. “ಹಾಗಂತ ಉಪ್ಪಿನದ್ದು ಸಡಿಲ ಬಂಧ ಅಂತ ತಿಳಿಯಬೇಡಿ. ಅದನ್ನು ಬೆಂಕಿಯಲ್ಲಿ ಕರಗಿಸಲಿಕ್ಕೆ 801 ಡಿಗ್ರಿ ಬೇಕು” ಅಂದರು.

ಇನ್ನು ನಮ್ಮ ಕಿತಾಪತಿಯ ವಿಷಯ. ಸ್ಕೂಲ್ ಡೇಗೆ ಯಕ್ಷಗಾನ ಇತ್ತು. ನನ್ನ ಕಿರೀಟಕ್ಕೆ ಮಿಂಚು ಸಾಲದು ಅಂತ ಅನಿಸಿತು. ಲ್ಯಾಬಿನ ಕಪಾಟಿನಲ್ಲಿ ಅಂಗೈ ಅಗಲದ ಕಾಗೆ ಬಂಗಾರ ಇತ್ತು. ಪುಸ್ತಕದಲ್ಲಿ ಅಭ್ರಕ ಅಂತ ಬರೆಯುತ್ತಾರಲ್ಲ, ಅದೇ. ನಾವು ಮೂರು ಜನ ಅದನ್ನು ಎತ್ತಿಕೊಂಡು ಹೋಗಿ, ಗೇರುಮರದ ಬುಡದಲ್ಲಿ ಕೂತು ಬ್ಲೇಡಿನ ತುದಿಯಿಂದ ಎಬ್ಬಿಸಿದೆವು. ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಬಂತು. ಪ್ರತಿ ಪದರವೂ ಬಗ್ಗುತ್ತಿತ್ತು, ಬಿಟ್ಟರೆ ಮತ್ತೆ ನೆಟ್ಟಗಾಗುತ್ತಿತ್ತು. ಮೈದಾ ಅಂಟು ಹಚ್ಚಿ ಕಿರೀಟದ ಸುತ್ತ ಮೆತ್ತಿದೆವು. ರಾತ್ರಿ ರಂಗಸ್ಥಳದ ಬೆಳಕಿಗೆ ಅದು ಹೊಳೆದದ್ದು ನೋಡಬೇಕಿತ್ತು! ಎದುರಿನ ಸಾಲಿನಲ್ಲೇ ಮಾಷ್ಟ್ರು ಕೂತಿದ್ದರು.

ಮರುದಿನ ಕರೆದರು. ಬೆತ್ತ ಬೀಳುತ್ತದೆ ಅಂತ ಕೈ ಚಾಚಿದೆ. ಅಂಗೈ ಮೇಲೆ ಉಳಿದ ತುಂಡನ್ನು ಇಟ್ಟರು.

“ಇಷ್ಟು ತೆಳ್ಳಗೆ ಸೀಳಿದ್ದೀಯಲ್ಲ ಮಾರಾಯ. ಈಗ ಇದನ್ನೇ ಅಡ್ಡಕ್ಕೆ ಸೀಳು, ನೋಡುವ.”

ಇಂಟರ್ವಲ್ ಪೂರ್ತಿ ಒದ್ದಾಡಿದೆ. ಬ್ಲೇಡು ಮೊಂಡಾಯಿತು. ಅಂಚು ಸ್ವಲ್ಪ ಪುಡಿಯಾಯಿತು, ಅಷ್ಟೆ.

“ವೀಳ್ಯದೆಲೆಯ ಕಟ್ಟು ನೋಡಿದ್ದೀಯಲ್ಲ? ಎಲೆಯಿಂದ ಎಲೆ ಬಿಡಿಸಲಿಕ್ಕೆ ಸುಲಭ. ಇಡೀ ಕಟ್ಟನ್ನೇ ಹರಿಯಲಿಕ್ಕೆ ಆಗ್ತದಾ?”

ಪದರದ ಒಳಗೆ ಸಿಲಿಕಾನ್ ಮತ್ತು ಆಕ್ಸಿಜನ್ ಗಟ್ಟಿಯಾಗಿ ಹೆಣೆದುಕೊಂಡಿವೆ. ಪದರ ಪದರದ ನಡುವೆ ಪ್ಲಸ್ ಪೊಟ್ಯಾಸಿಯಂನ ಸಡಿಲ ಹಿಡಿತ. ಬಳಪದ ಕಲ್ಲಿನಲ್ಲಿ ಆ ಪೊಟ್ಯಾಸಿಯಮ್ಮೂ ಇಲ್ಲ. ಹಾಗಾಗಿ ಅದು ಉಗುರಿಗೇ ಸವೆಯುತ್ತದೆ, ಮುಟ್ಟಿದರೆ ಜಾರುತ್ತದೆ.

ಶಿಕ್ಷೆ ಏನು ಗೊತ್ತಾ? ಒಂದು ತಿಂಗಳು ದಿನಕ್ಕೊಂದು ಕಲ್ಲು ತರಬೇಕು. ಗುಡ್ಡೆಯಿಂದ ಬೆಣಚುಕಲ್ಲು ತಂದ ದಿನ ಅದನ್ನು ಒಡೆದು ತೋರಿಸಿದರು. ಒಡೆದ ಬಾಟಲಿಯ ಹಾಗೆ ಹೇಗೆ ಬೇಕೋ ಹಾಗೆ ಒಡೆಯಿತು. ಅದರಲ್ಲಿ ಎಲ್ಲ ದಿಕ್ಕಿಗೂ ಬಂಧ ಗಟ್ಟಿ, ಸೀಳಲಿಕ್ಕೆ ಸುಲಭದ ದಾರಿಯೇ ಇಲ್ಲ. ಅದರ ಚೂರಿನಿಂದ ಗಾಜಿನ ಮೇಲೆ ಗೀರು ಹಾಕಿದೆವು. ಮೋಸ್ ಎಂಬವರು 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ಬಳಪದ ಕಲ್ಲಿಗೆ 1, ಬೆಣಚುಕಲ್ಲಿಗೆ 7, ವಜ್ರಕ್ಕೆ 10. ಆ ಪಟ್ಟಿಯನ್ನು ನಾನು ಬಾಯಿಪಾಠ ಮಾಡಲೇ ಇಲ್ಲ, ಗೀಚಿ ಗೀಚಿ ಕಲಿತೆ.

ಮುಂದೆ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರಕ್ಕೆ ಸೇರಿದೆ. ಮೊದಲ ಪ್ರಾಕ್ಟಿಕಲ್ಲಿನಲ್ಲಿ ಅಭ್ರಕ ಯಾಕೆ ಪದರವಾಗಿ ಸೀಳುತ್ತದೆ ಅಂತ ಕೇಳಿದರು. ಇಡೀ ಬ್ಯಾಚಿನಲ್ಲಿ ಉತ್ತರ ಹೇಳಿದ್ದು ನಾನೊಬ್ಬನೇ. ಕನ್ನಡ ಮೀಡಿಯಂನಿಂದ ಹೋದವನು ನಾನು. ಆ ಹೆಮ್ಮೆ ಇವತ್ತಿಗೂ ಇದೆ.

ಬೊಜ್ಜದ ಮರುದಿನ ಶಾಲೆಗೆ ಬಂದಿದ್ದೆ. ಕ್ಲಾಸಿನ ಪರದೆಯ ಮೇಲೆ ವಜ್ರದ ರಚನೆ, ಗ್ರಾಫೈಟಿನ ರಚನೆ ಗಿರಗಿರ ತಿರುಗುತ್ತಿತ್ತು. ಚೆಂದ ಇತ್ತು. ಎರಡೂ ಇಂಗಾಲ, ವಜ್ರದಲ್ಲಿ ಒಂದೊಂದು ಪರಮಾಣುವಿಗೆ ನಾಲ್ಕು ಬಂಧ, ಗ್ರಾಫೈಟಿನಲ್ಲಿ ಮೂರು ಅಂತ ಮಕ್ಕಳು ಪಟಪಟನೆ ಒಪ್ಪಿಸಿದರು. “ಹಾಗಾದರೆ ಪೆನ್ಸಿಲಿನಿಂದ ಕಾಗದದ ಮೇಲೆ ಗೆರೆ ಬರುವುದು ಹೇಗೆ?” ಅಂದೆ. ಸುಮ್ಮನಾದರು. ಪೆನ್ಸಿಲ್ ಅವರ ಬೆರಳ ನಡುವೆಯೇ ಇತ್ತು. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿನ ಪದರಗಳೇ ಕಳಚಿ ಕಾಗದಕ್ಕೆ ಅಂಟುವುದು ಅಂತ ಹೇಳಿದಾಗ ಒಬ್ಬಳು ಹುಡುಗಿ ಗೆರೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಮಕ್ಕಳದ್ದೇನೂ ತಪ್ಪಿಲ್ಲ. ಕಲ್ಲು ಮುಟ್ಟಲಿಕ್ಕೆ ಅವರಿಗೆ ಪುರುಸೊತ್ತು ಕೊಡುವವರು ಬೇಕು, ಅಲ್ವಾ?

ಮಾಷ್ಟ್ರ ಮನೆಗೆ ಹೋದಾಗ ಆ ಮನೆಯ ಅಮ್ಮ ಒಂದು ಬಿಸ್ಕೆಟ್ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಒಳಗೆ ನಾನು ತಂದುಕೊಟ್ಟ ಕಲ್ಲುಗಳಿದ್ದವು. ಅಡಿಯಲ್ಲಿ ಆ ಕಾಗೆ ಬಂಗಾರದ ತುಂಡು, ಅಂಚಿನಲ್ಲಿ ನನ್ನ ಬ್ಲೇಡಿನ ಗುರುತು. ಡಬ್ಬಿಯನ್ನು ಅವತ್ತೇ ಶಾಲೆಯ ಲ್ಯಾಬಿಗೆ ಕೊಟ್ಟಿದ್ದೇನೆ. ಕಪಾಟಿಗೆ ದಯವಿಟ್ಟು ಬೀಗ ಹಾಕಬೇಡಿ. ಮಕ್ಕಳು ಸೀಳಿದರೆ ಸೀಳಲಿ. ಮುಗಿದರೆ ತಿಳಿಸಿ, ಬೇರೆ ತಂದುಕೊಡುತ್ತೇನೆ.